ಕ್ರೇನ್ ಭಾವನ ದವಡೆ ಹಲ್ಲು

ಸೈಟಿನಲ್ಲಿ ನಮ್ಮ ಭಾವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು 'ಮೇಲಿನವರು'. ಮಧ್ಯಾಹ್ನದೊಳಗೆ ಕಂಬಿ ಬಂದು ಬೀಳುತ್ತಾ ಅಂತ ಇಂಜಿನಿಯರು ಕೇಳಿದರೆ, ಗಾರೆ ಮೇಸ್ತ್ರಿ ಆಕಾಶದ ಕಡೆ ಕೈ ತೋರಿಸಿ, "ಎಲ್ಲಾ ಮೇಲಿನವರ ಕೈಲಿದೆ ಸಾರ್" ಅನ್ನುತ್ತಿದ್ದ. ಹೊಸದಾಗಿ ಸೇರಿದವರು ಇವನೇನೋ ದೊಡ್ಡ ಭಕ್ತ ಅಂದುಕೊಳ್ಳುತ್ತಿದ್ದರು. ಆಮೇಲೆ ಕತ್ತೆತ್ತಿ ನೋಡಿದರೆ ಹಳದಿ ಕ್ರೇನಿನ ತುದಿಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಕಾಣುವ ಗಾಜಿನ ಕ್ಯಾಬಿನ್, ಅದರೊಳಗೆ ನಮ್ಮ ಭಾವ.

ನಾನು ಅವರ ಹೆಂಡತಿಯ ತಮ್ಮ. ಅದೇ ಕ್ರೇನಿನ ಬುಡದಲ್ಲಿ ನನ್ನ ಕೆಲಸ. ಮೇಲೆ ಕೂತವರಿಗೆ ಕೆಳಗಿನದೆಲ್ಲ ಕಾಣುವುದಿಲ್ಲ. ಗೋಡೆಯ ಮರೆಯಲ್ಲಿ ಯಾರು ನಿಂತಿದ್ದಾರೆ, ಹೊರೆ ನೆಲಕ್ಕೆ ಎಷ್ಟು ಹತ್ತಿರ ಬಂತು ಅನ್ನುವುದನ್ನು ನಾನು ನೋಡಿ ಹೇಳಬೇಕು. ಕಣ್ಣಿಗೆ ಕಾಣುವಷ್ಟು ದೂರವಿದ್ದರೆ ಕೈಸನ್ನೆ, ಇಲ್ಲದಿದ್ದರೆ ವಾಕಿಟಾಕಿ. "ಎತ್ತಿ ಭಾವ", "ಎಡಕ್ಕೆ ಭಾವ", "ನಿಧಾನ, ನಿಧಾನ, ಸಾಕು". ನಾನು ಹೇಳಿದ್ದನ್ನು ಅವರು ಒಂದು ಸಲ ತಿರುಗಿ ಹೇಳಿ, ಆಮೇಲಷ್ಟೇ ಕೈ ಆಡಿಸುತ್ತಿದ್ದರು. ಹಾಗೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ, ಅವರೇ ಮಾಡಿಕೊಂಡ ಕಟ್ಟುಪಾಡು ಅದು. ಹೀಗೆ ವರ್ಷಗಟ್ಟಲೆ ಆ ದನಿ ನನ್ನ ಕಿವಿಯಲ್ಲೇ ಇತ್ತು. ಅಕ್ಕ ಒಮ್ಮೆ, "ನನ್ನ ಗಂಡ ನನ್ನ ಹತ್ರ ಆಡಿದ್ದಕ್ಕಿಂತ ನಿನ್ನ ಹತ್ರ ಆಡಿರೋ ಮಾತೇ ಜಾಸ್ತಿ ಕಣೋ" ಎಂದು ನಕ್ಕಿದ್ದಳು.

ಭಾವ ಮೊದಲು ಗಾರೆ ಕಲಸುವ ಕೆಲಸಕ್ಕೆ ಬಂದವರು. ಒಂದು ದಿನ ಆಗಿನ ಆಪರೇಟರಿಗೆ ಊಟದ ಡಬ್ಬಿ ತಲುಪಿಸಬೇಕಿತ್ತು, ಏಣಿ ಹತ್ತಲು ಯಾರೂ ಒಪ್ಪಲಿಲ್ಲ. ಇವರು ಹತ್ತಿದರು. ಡಬ್ಬಿ ಕೊಟ್ಟು ಇಳಿಯಬೇಕಾದವರು ಸಂಜೆಯವರೆಗೂ ಅಲ್ಲೇ ಕೂತುಬಿಟ್ಟರಂತೆ. ಆ ಹಳೆಯ ಆಪರೇಟರೇ ಇವರಿಗೆ ಕೆಲಸ ಕಲಿಸಿದ್ದು, ಲೈಸೆನ್ಸ್ ಕೊಡಿಸಿದ್ದು. ಎತ್ತರ ಅಂದರೆ ಭಾವನಿಗೆ ಮನೆಯ ಜಗಲಿ ಇದ್ದಂತೆ. ಹಾಗಂತ ಹುಂಬತನ ಇರಲಿಲ್ಲ. ಗಾಳಿ ಜೋರಾದರೆ, "ಇವತ್ತು ಗಾಳಿಗೆ ಮನಸ್ಸು ಸರಿ ಇಲ್ಲ" ಅಂದು ಕ್ರೇನ್ ನಿಲ್ಲಿಸಿಬಿಡುತ್ತಿದ್ದರು. ಆಮೇಲೆ ಇಂಜಿನಿಯರಲ್ಲ, ಅವರಪ್ಪ ಬಂದು ಕೇಳಿದರೂ ಕೊಕ್ಕೆ ಅಲ್ಲಾಡುತ್ತಿರಲಿಲ್ಲ. ತಂತಿಹಗ್ಗದಲ್ಲಿ ಒಂದು ಎಳೆ ಎದ್ದಿದ್ದರೂ ಬೆಳಗ್ಗೆಯೇ ಅವರ ಕಣ್ಣಿಗೆ ಬೀಳುತ್ತಿತ್ತು.

ಅಂಥ ಮನುಷ್ಯ ಹಲ್ಲಿನ ಡಾಕ್ಟರ ಹೆಸರು ಎತ್ತಿದರೆ ಬೆವೆತುಬಿಡುತ್ತಿದ್ದರು. ಚಿಕ್ಕವರಿದ್ದಾಗ ಹಲ್ಲು ಕೀಳುವವನೊಬ್ಬ, ಮನೆಯ ಗಂಡಸರಿಂದ ಕೈಕಾಲು ಅದುಮಿ ಹಿಡಿಸಿ, ಒಸಡು ಮರಗಟ್ಟಿಸದೆ ಇಕ್ಕಳ ಹಾಕಿದ್ದನಂತೆ. ಹಲ್ಲು ಅರ್ಧಕ್ಕೆ ಮುರಿದು, ಉಳಿದದ್ದನ್ನು ಕೆದಕಿ ತೆಗೆದನಂತೆ. ಆ ಕಥೆಯನ್ನು ಅವರು ಎಂದೂ ಪೂರ್ತಿ ಹೇಳಲಿಲ್ಲ. ಅರ್ಧಕ್ಕೇ ಎದ್ದು ಹೋಗಿ ನೀರು ಕುಡಿಯುತ್ತಿದ್ದರು.

ಬಲಗಡೆ, ಕೆಳದವಡೆಯ ಕೊನೆಯ ಹಲ್ಲಿನಲ್ಲಿ ತೂತು ಬಿದ್ದಿತ್ತು. ಊಟ ಸಿಕ್ಕಿಕೊಂಡರೆ ಬೆಂಕಿಕಡ್ಡಿಯಲ್ಲಿ ತೆಗೆಯುವುದು, ನೋವು ಬಂದರೆ ಲವಂಗ ಕಚ್ಚುವುದು, ಎಡಗಡೆಯಲ್ಲೇ ಅಗಿಯುವುದು, ಹೀಗೆ ಬಹಳ ಕಾಲ ತಳ್ಳಿದರು. ಒಮ್ಮೆ ಅಕ್ಕ ಹೇಗೋ ಹೊರಡಿಸಿಕೊಂಡು ಡೆಂಟಲ್ ಕ್ಲಿನಿಕ್ಕಿಗೆ ಹೋದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಒಳಗಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಬಂತು. "ನೀರು ಕುಡಿದು ಬರ್ತೀನಿ ಕಣೇ" ಅಂದವರು ಕಾಲಿಗೆ ಬುದ್ಧಿ ಹೇಳಿದರು. ಅಕ್ಕ ಸರದಿ ಬರುವವರೆಗೂ ಕಾದು, ತನ್ನ ಹಲ್ಲನ್ನೇ ತೋರಿಸಿಕೊಂಡು ಬಂದಳು.

ಅದಾದ ಸ್ವಲ್ಪ ದಿನಕ್ಕೆ ನೋವು ತಾನಾಗಿ ನಿಂತಿತು. ಭಾವನ ಖುಷಿ ಹೇಳತೀರದು. "ನೋಡಿದ್ಯಾ ಭಾಮೈದ, ನರ ಸತ್ತುಹೋಯ್ತು. ಇನ್ನು ಅದು ಬಾಯಲ್ಲಿರೋ ಕಲ್ಲು ಅಷ್ಟೇ" ಅಂದರು. ನಾನೂ ಹೌದು ಅಂದುಕೊಂಡೆ. ಒಂದು ವರ್ಷದ ಮೇಲಾಯಿತು, ಆ ಹಲ್ಲಿನ ಸುದ್ದಿ ಮನೆಯಲ್ಲಿ ಮರೆತೇಹೋಯಿತು. ಒಳಗೆ ಅದು ಸುಮ್ಮನಿರಲಿಲ್ಲ ಅನ್ನುವುದು ನಮಗ್ಯಾರಿಗೂ ತಿಳಿಯಲಿಲ್ಲ.

ಆ ವಾರ ಮೇಲಿನ ಅಂತಸ್ತಿನ ಸ್ಲ್ಯಾಬಿನ ಕೆಲಸ ನಡೆದಿತ್ತು. ಭಾವನಿಗೆ ಬಲಗೆನ್ನೆಯ ಕೆಳಗೆ ಸಣ್ಣಗೆ ಊತ ಬಂತು. ಮೆಡಿಕಲ್ ಶಾಪಿನವನಿಗೆ ತೋರಿಸಿ ಮಾತ್ರೆ ತಂದರು. ಎರಡು ಹೊತ್ತು ನುಂಗಿದರು, ನೋವು ತಗ್ಗಿತು, ಉಳಿದ ಮಾತ್ರೆ ಡ್ರಾಯರಿನಲ್ಲೇ ಉಳಿಯಿತು. ಊತ ಮಾತ್ರ ಇಳಿಯಲಿಲ್ಲ. ಕೆನ್ನೆ ಬಿಟ್ಟು ಗದ್ದದ ಅಡಿಗೆ ಸರಿದು, ಎಡಗಡೆಗೂ ಹಬ್ಬಿತು.

ಒಂದು ಸಂಜೆ ನಾನು ಅವರ ಮನೆಗೆ ಹೋದಾಗ ಅಕ್ಕ ಆಗಷ್ಟೇ ಕೆಲಸದಿಂದ ಬಂದಿದ್ದಳು. ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವುದು ಅವಳ ಕೆಲಸ. ಇಡೀ ದಿನ ಹಬೆಯಲ್ಲಿ ನಿಂತು ಬೆರಳ ತುದಿಯೆಲ್ಲ ಸುಕ್ಕುಗಟ್ಟಿರುತ್ತಿತ್ತು. ಆ ಬೆರಳಲ್ಲಿ ಅವಳು ಭಾವನ ಗದ್ದದ ಕೆಳಗೆ ಒತ್ತಿ ನೋಡಿದಳು.

"ರೀ, ಇದೇನ್ರಿ ಇದು, ಮರದ ಹಲಗೆ ಥರ ಇದೆ."

"ಏನಿಲ್ಲ ಬಿಡೇ. ತಣ್ಣನೆ ಗಾಳಿ ಬಡಿದಿದೆ."

"ಗಾಳಿ ಬಡಿದ್ರೆ ಹೀಗಾಗುತ್ತಾ? ನಾಳೆ ಕೆಲಸಕ್ಕೆ ಹೋಗ್ಬೇಡಿ. ಡಾಕ್ಟ್ರ ಹತ್ರ ಹೋಗೋಣ."

"ಸ್ಲ್ಯಾಬ್ ಮುಗೀಲಿ. ಆಮೇಲೆ ನೀನು ಎಲ್ಲಿಗೆ ಕರೆದ್ರೂ ಬರ್ತೀನಿ."

ಅವರ ಮಗಳು, ಇನ್ನೂ ಶಾಲೆಯ ಕೆಳಗಿನ ತರಗತಿಯಲ್ಲಿರುವವಳು, ಪುಸ್ತಕದಿಂದ ತಲೆ ಎತ್ತಿ, "ಅಪ್ಪ ಬಾಯಲ್ಲಿ ಬಿಸಿ ಬಿಸಿ ಏನೋ ಇಟ್ಕೊಂಡು ಮಾತಾಡ್ತಿದಾರೆ" ಅಂದಳು. ನಾವೆಲ್ಲ ನಕ್ಕೆವು. ಭಾವನೂ ನಗಲು ಹೋಗಿ, ದವಡೆ ಹಿಡಿದುಕೊಂಡು ನಿಂತುಬಿಟ್ಟರು. ಬಾಯಿ ಒಂದು ಬೆರಳು ತೂರುವಷ್ಟೂ ತೆರೆಯುತ್ತಿರಲಿಲ್ಲ. ತಟ್ಟೆಯಲ್ಲಿ ಇಟ್ಟ ಊಟ ಹಾಗೇ ಇತ್ತು.

ಮರುದಿನ ಬೆಳಗ್ಗೆ ಕ್ರೇನಿನ ಬುಡದಲ್ಲಿ ಅವರನ್ನು ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು. ಕತ್ತು, ಗದ್ದ ಎರಡೂ ಒಂದಾಗಿ ಹೋಗಿದ್ದವು. ಕಾಲರಿನ ಗುಂಡಿ ಹಾಕಿರಲಿಲ್ಲ. ಮೈ ಮುಟ್ಟಿದರೆ ಕೆಂಡ.

"ಭಾವ, ಇವತ್ತು ಹತ್ತಬೇಡಿ. ನಾನು ಇಂಜಿನಿಯರಿಗೆ ಹೇಳ್ತೀನಿ."

ಅವರು ಕೈಯಲ್ಲೇ ಬೇಡ ಅಂದು, "ಕಂಬಿ ಒಂದು ಎತ್ತಿಬಿಡೋಣ. ಬದಲಿ ಆಪರೇಟರು ಮಧ್ಯಾಹ್ನ ಬರ್ತಾನೆ. ಆಗ ಇಳೀತೀನಿ" ಅಂದರು. ಮಾತು ಬಾಯೊಳಗೇ ಉರುಳುತ್ತಿತ್ತು. ಏಣಿ ಹಿಡಿದು ಹತ್ತಿದರು. ಯಾವಾಗಲೂ ಒಂದೇ ಉಸಿರಿನಲ್ಲಿ, ಏಣಿಯ ನಡುವೆ ನಿಲ್ಲಲು ಮಾಡಿದ ಮೊದಲ ತಂಗುಕಟ್ಟೆ ದಾಟುತ್ತಿದ್ದವರು ಅಂದು ಅಲ್ಲಿ ಕೂತರು. ಎರಡನೆಯದರಲ್ಲೂ ಕೂತರು. ನಾನು ಕೆಳಗೆ ಕತ್ತೆತ್ತಿ ನಿಂತೇ ಇದ್ದೆ.

ಮೊದಮೊದಲು ಕೆಲಸ ನಡೆಯಿತು. ನಾನು "ಎತ್ತಿ" ಅಂದರೆ "ಎತ್ತಿ" ಎಂದು ತಿರುಗಿ ಹೇಳುತ್ತಿದ್ದರು. ಬಿಸಿಲು ಏರಿದಂತೆ ಆ ದನಿ ದಪ್ಪಗಾಗುತ್ತ ಹೋಯಿತು. 'ಎಡಕ್ಕೆ' ಅನ್ನುವುದು 'ಎಅಕ್ಕೆ' ಆಯಿತು. ನಾಲಿಗೆ ಜಾಗದಲ್ಲಿ ಬಟ್ಟೆಯ ಉಂಡೆ ಇಟ್ಟುಕೊಂಡು ಆಡಿದಂತೆ. ಮಾತು ಮುಗಿದ ಮೇಲೂ ಅವರು ಗುಂಡಿ ಬಿಡುವುದನ್ನು ಮರೆತು, ವಾಕಿಟಾಕಿಯಲ್ಲಿ ಉಸಿರು ಕೇಳುತ್ತಿತ್ತು. ಸಣ್ಣ ಸಿಳ್ಳೆಯಂಥ ಉಸಿರು.

ಕಂಬಿಯ ಕಟ್ಟೊಂದು ಸ್ಲ್ಯಾಬಿನ ಮೇಲೆ ಅರ್ಧ ಆಕಾಶದಲ್ಲಿ ತೂಗುತ್ತಿತ್ತು. ಕೆಳಗೆ ಕಂಬಿ ಕಟ್ಟುವವರು ಬಗ್ಗಿ ಕೆಲಸ ಮಾಡುತ್ತಿದ್ದರು. ನಾನು, "ನಿಲ್ಲಿಸಿ ಭಾವ" ಅಂದೆ. ತಿರುಗಿ ಮಾತು ಬರಲಿಲ್ಲ, ಗೊರಗೊರ ಸದ್ದು ಬಂತು. ಕೂಗಿ ಎಲ್ಲರನ್ನೂ ದೂರ ಓಡಿಸಿದೆ.

"ಭಾವ, ಮಾತಾಡೋಕಾಗ್ದಿದ್ರೆ ಗುಂಡಿ ಒಂದು ಸಲ ಒತ್ತಿ."

ಟಕ್ ಅಂತು.

"ಹೊರೆ ಇಳಿಸೋಕಾಗುತ್ತಾ? ಖಾಲಿ ಜಾಗ ಇದೆ, ನೇರ ಕೆಳಗೆ."

ಟಕ್ ಅಂತು. ಕಂಬಿಯ ಕಟ್ಟು ಇಳಿಯತೊಡಗಿತು. ಎಷ್ಟು ನಿಧಾನವೆಂದರೆ, ಅದು ಸ್ಲ್ಯಾಬ್ ಮುಟ್ಟಿದಾಗ ಧೂಳೂ ಏಳಲಿಲ್ಲ. ಆಮೇಲೆ ನಾನು ಎಷ್ಟು ಕೂಗಿದರೂ ಯಾವ ಸದ್ದೂ ಬರಲಿಲ್ಲ.

ನಾನು ಎಂದೂ ಮೊದಲ ತಂಗುಕಟ್ಟೆಗಿಂತ ಮೇಲೆ ಹತ್ತಿದವನಲ್ಲ. ಎತ್ತರ ಅಂದರೆ ನನಗೆ ಭಯ, ಅದಕ್ಕೇ ನಾನು ಬುಡದ ಕೆಲಸ ಹಿಡಿದದ್ದು. ಅಂದು ಇಂಜಿನಿಯರಿಗೆ, "ಆಂಬುಲೆನ್ಸ್ ಕರೀರಿ ಸಾರ್" ಅಂದವನೇ ಏಣಿಗೆ ಕೈ ಹಾಕಿದೆ. ಕಬ್ಬಿಣದ ಮೆಟ್ಟಿಲು ಬಿಸಿಲಿಗೆ ಕಾದಿತ್ತು. ಕೆಳಗೆ ನೋಡಬಾರದು ಎಂದು ಮೇಲೆ ನೋಡಿದರೆ ಮೋಡ ಓಡುತ್ತಿತ್ತು, ಇಡೀ ಕ್ರೇನೇ ನನ್ನ ಮೇಲೆ ಬೀಳುತ್ತಿದೆ ಅನ್ನಿಸಿತು. ಕಣ್ಣು ಮುಚ್ಚಿ, ಮೆಟ್ಟಿಲು ತಡಕಿ ತಡಕಿ ಹತ್ತಿದೆ. ಕಣ್ಣ ಮುಂದೆ ಅಕ್ಕನ ಮುಖ ಬರುತ್ತಿತ್ತು. ಅವಳಿಗೆ ಏನು ಹೇಳಲಿ ಎಂದು ಅಷ್ಟು ಹೊತ್ತಿಗೇ ಯೋಚಿಸತೊಡಗಿದ್ದೆ.

ಕ್ಯಾಬಿನ್ ಬಾಗಿಲು ತೆಗೆದಾಗ ಭಾವ ಸೀಟಿನಲ್ಲಿ ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲಿನ ಮೇಲೆ ಊರಿ ಕೂತಿದ್ದರು. ಬಾಯಿಂದ ಜೊಲ್ಲು ದಾರದಂತೆ ಇಳಿದು ಅಂಗಿಯೆಲ್ಲ ಒದ್ದೆ. ತಮ್ಮ ಉಗುಳನ್ನೂ ನುಂಗಲು ಆಗುತ್ತಿರಲಿಲ್ಲ. ನಾಲಿಗೆ ಮೇಲಕ್ಕೆ ಎದ್ದು ಹಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಪ್ರತಿ ಉಸಿರಿಗೂ ಎದೆಯ ಮೇಲಿನ ಗುಳಿ ಒಳಕ್ಕೆ ಎಳೆಯುತ್ತಿತ್ತು. ಮೈ ಚಳಿಗೆ ನಡುಗಿದಂತೆ ನಡುಗುತ್ತಿತ್ತು. ಅವರ ಕಣ್ಣು ನನ್ನನ್ನು ನೋಡಿತು. ಹಲ್ಲಿನ ಮಾತು ಬಿಟ್ಟರೆ, ಅಷ್ಟು ವರ್ಷದಲ್ಲಿ ಆ ಕಣ್ಣಿನಲ್ಲಿ ನಾನು ಭಯ ಕಂಡಿದ್ದು ಅದೇ ಮೊದಲು.

ಮೇಲಿನಿಂದ ಜನರನ್ನು ಇಳಿಸುವ ತಂಡ ಬರುವುದಕ್ಕೆ ಹೊತ್ತಾಗುತ್ತದೆ ಎಂದು ಕೆಳಗಿನಿಂದ ಇಂಜಿನಿಯರು ವಾಕಿಟಾಕಿಯಲ್ಲಿ ಹೇಳಿದರು. ಆ ಸಿಳ್ಳೆ ಉಸಿರು ಅಷ್ಟು ಹೊತ್ತು ಕಾಯುತ್ತದೆ ಅನ್ನುವ ನಂಬಿಕೆ ನನಗಿರಲಿಲ್ಲ. "ಭಾವ, ಇಳಿಯೋಣ" ಅಂದೆ. ಅವರು ತಲೆಯಾಡಿಸಿದರು.

ನನ್ನ ಸೊಂಟದ ಬೆಲ್ಟಿಗೆ ಅವರ ಬೆಲ್ಟು ಸಿಕ್ಕಿಸಿ, ನಾನು ಕೆಳಗೆ, ಅವರು ಮೇಲೆ. ಅವರ ಪಾದ ಹಿಡಿದು ಒಂದೊಂದೇ ಮೆಟ್ಟಿಲಿನ ಮೇಲೆ ಇಟ್ಟೆ. ಜೊಲ್ಲು ನನ್ನ ತಲೆಯ ಮೇಲೆ, ಕೈಯ ಮೇಲೆ ಬೀಳುತ್ತಿತ್ತು, ಏನೋ ಕೊಳೆತ ವಾಸನೆ. ಒಂದು ಕಡೆ ಅವರ ಕಾಲು ಜಾರಿ ಪೂರ್ತಿ ಭಾರ ನನ್ನ ಭುಜಕ್ಕೆ ಬಂತು. ಇಬ್ಬರೂ ಕಂಬಕ್ಕೆ ಅಂಟಿಕೊಂಡು ನಿಂತೆವು. ಉಸಿರು ಕೇಳಿಸುತ್ತಿದೆಯಾ ಎಂದು ಕಿವಿಗೊಟ್ಟೆ. ಕೇಳಿಸುತ್ತಿತ್ತು. ಆ ಸಿಳ್ಳೆ ಸದ್ದು ಇರುವವರೆಗೂ ಪರವಾಗಿಲ್ಲ, ನಿಂತರೆ ಮುಗಿಯಿತು ಅಂದುಕೊಂಡು ಇಳಿಯುತ್ತ ಬಂದೆ. ನನ್ನ ಎತ್ತರದ ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಅದಕ್ಕಿಂತ ದೊಡ್ಡದೊಂದು ಬಂದು ಅದರ ಜಾಗದಲ್ಲಿ ಕೂತಿತ್ತು.

ಆಂಬುಲೆನ್ಸಿನವರು ಸ್ಟ್ರೆಚರ್ ಮೇಲೆ ಮಲಗಿಸಲು ಹೋದರು. ಬೆನ್ನು ತಾಗಿದ್ದೇ ತಡ, ಭಾವ ನೀರಿನಲ್ಲಿ ಮುಳುಗುವವರ ಹಾಗೆ ಒದ್ದಾಡಿ ಎದ್ದು ಕೂತರು. ಮುಖ ನೀಲಿಗಟ್ಟಿತು. ಮತ್ತೆ ಮಲಗಿಸಲು ಒಬ್ಬ ಭುಜಕ್ಕೆ ಕೈ ಹಾಕಿದ.

"ಮಲಗಿಸಬೇಡಿ, ಅವರಿಗೆ ಉಸಿರು ಕಟ್ಟುತ್ತೆ" ಎಂದು ನಾನು ನಡುವೆ ಬಂದೆ. ಕೊನೆಗೆ ಕೂತಂತೆಯೇ ಕರೆದೊಯ್ದರು. ದಾರಿಯುದ್ದಕ್ಕೂ ಅವರು ನನ್ನ ಮಣಿಕಟ್ಟು ಹಿಡಿದಿದ್ದರು. ಟ್ರಾಫಿಕ್ಕಿನಲ್ಲಿ ಗಾಡಿ ನಿಂತಾಗೆಲ್ಲ ಹಿಡಿತ ಬಿಗಿಯಾಗುತ್ತಿತ್ತು.

ಆಸ್ಪತ್ರೆಯಲ್ಲಿ ನೋಡಿದವರು ನಡುವಯಸ್ಸಿನ ಡಾಕ್ಟರಮ್ಮ. ಹೆಚ್ಚು ಮಾತಿಲ್ಲ. ಗದ್ದದ ಕೆಳಗೆ ಒತ್ತಿದರು, ಉಸಿರಿನ ಸದ್ದಿಗೆ ಕಿವಿ ಕೊಟ್ಟರು, ನನ್ನ ಕಡೆ ತಿರುಗಿದರು.

"ಹಲ್ಲು ನೋವಿತ್ತಾ?"

"ಇತ್ತು ಮೇಡಂ. ಹಿಂದೆ. ಆಮೇಲೆ ನಿಂತುಹೋಗಿತ್ತು."

"ನಿಂತಿದ್ದು ನೋವು. ಸೋಂಕು ನಿಂತಿರಲಿಲ್ಲ. ಹಲ್ಲಿನ ಬೇರಿನಿಂದ ಕೀವು ಕೆಳಗಿಳಿದು ನಾಲಿಗೆ ಅಡಿಗೆ, ಕತ್ತಿಗೆ ಹರಡಿದೆ. ನಾಲಿಗೇನ ಹಿಂದಕ್ಕೆ, ಮೇಲಕ್ಕೆ ದೂಡ್ತಾ ಇದೆ. ಉಸಿರಿನ ದಾರಿ ಮುಚ್ಚಿಕೊಳ್ತಾ ಇದೆ."

ಅಷ್ಟರಲ್ಲಿ ಅಕ್ಕ ಬಂದಳು. ಲಾಂಡ್ರಿಯ ಏಪ್ರನ್ನಿನಲ್ಲೇ ಓಡಿ ಬಂದಿದ್ದಳು. ಡಾಕ್ಟರಮ್ಮ ಅವಳಿಗೂ ಅದನ್ನೇ ಹೇಳಿದರು.

"ಹಲ್ಲಿನಿಂದ ಇಷ್ಟೆಲ್ಲಾ ಆಗುತ್ತಾ ಮೇಡಂ? ಹಲ್ಲು ನೋವಿಂದ ಯಾರಾದ್ರೂ..." ಎಂದಳು ಅಕ್ಕ.

"ಆಗುತ್ತಮ್ಮ. ಜೀವ ಹೋಗುತ್ತೆ. ಅದಕ್ಕೇ ನಾವು ಈಗ ತಡ ಮಾಡೋ ಹಾಗಿಲ್ಲ. ಬಾಯಿ ತೆರೀತಿಲ್ಲ, ಅಲ್ಲಿಂದ ನಳಿಕೆ ಹಾಕೋಕಾಗಲ್ಲ. ಪ್ರಜ್ಞೆ ತಪ್ಪಿಸೋ ಔಷಧಿ ಮೊದಲೇ ಕೊಟ್ರೆ, ಮೈ ಸಡಿಲ ಆಗಿ ಇರೋ ಚೂರು ದಾರಿನೂ ಮುಚ್ಚಿಹೋಗುತ್ತೆ. ಎಚ್ಚರ ಇರೋವಾಗ್ಲೇ ಕತ್ತಿನ ಮುಂಭಾಗದಲ್ಲಿ ಸಣ್ಣ ತೂತು ಮಾಡಿ ಉಸಿರಿಗೆ ನಳಿಕೆ ಹಾಕಬೇಕು. ಅಲ್ಲಿಗೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಡ್ತೀವಿ. ಆಮೇಲೆ ಮಲಗಿಸಿ ಕೀವು ತೆಗೀತೀವಿ."

ಭಾವನಿಗೆ ಎಲ್ಲವೂ ಕೇಳಿಸುತ್ತಿತ್ತು. ಒಸಡಿಗೆ ಸೂಜಿ ಅಂದರೆ ಓಡಿಹೋಗುತ್ತಿದ್ದ ಮನುಷ್ಯ. ಅವರ ಕಣ್ಣು ಬಾಗಿಲ ಕಡೆಗೆ ಹೋಯಿತು, ಅಕ್ಕನ ಕಡೆಗೆ ಬಂತು. ಅಕ್ಕ ಅವರ ಮುಖ ಎರಡೂ ಕೈಯಲ್ಲಿ ಹಿಡಿದು, "ಇವತ್ತು ಎಲ್ಲಿಗೂ ಹೋಗ್ಬೇಡಿ. ನಾನಿಲ್ಲೇ ಹೊರಗೆ ಇರ್ತೀನಿ. ಡಾಕ್ಟ್ರು ಹೇಳ್ದಂಗೆ ಕೇಳಿ" ಅಂದಳು. ಬೈಯುವ ದನಿಯಲ್ಲೇ ಅಂದಳು. ಭಾವ ಕಣ್ಣು ಮುಚ್ಚಿ ತೆರೆದರು. ಸ್ಟ್ರೆಚರಿನ ಮೇಲೆ ಕೂರಿಸಿಕೊಂಡೇ ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಆ ಸಿಳ್ಳೆ ಉಸಿರು ಬಾಗಿಲ ಆಚೆ ಸ್ವಲ್ಪ ದೂರ ಕೇಳಿಸಿ, ಆಮೇಲೆ ಕೇಳಿಸಲಿಲ್ಲ.

ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಅಕ್ಕ ಕೂರಲಿಲ್ಲ. ಗೋಡೆಗೆ ಒರಗಿ, ಏಪ್ರನ್ನಿನ ಅಂಚನ್ನು ಬೆರಳಿಂದ ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು. ಬಾಗಿಲು ತೆರೆದಾಗೆಲ್ಲ ಇಬ್ಬರೂ ಆ ಕಡೆ ತಿರುಗುತ್ತಿದ್ದೆವು. ಬೇರೆಯವರನ್ನು ಕರೆಯುತ್ತಿದ್ದರು.

ಬಹಳ ಹೊತ್ತಾದ ಮೇಲೆ ಡಾಕ್ಟರಮ್ಮ ಬಂದರು. "ಉಸಿರಿಗೆ ದಾರಿ ಆಯ್ತು. ಒಂಚೂರೂ ಅಲ್ಲಾಡದೆ ಕೂತಿದ್ರು, ಅದರಿಂದ ನಮಗೆ ಸಾಧ್ಯ ಆಯ್ತು. ಕತ್ತಿನ ಎರಡೂ ಕಡೆ ಕೊಯ್ದು ಕೀವು ಹೊರಗೆ ಬಿಟ್ಟಿದ್ದೀವಿ, ಆ ಹಲ್ಲನ್ನೂ ತೆಗೆದಿದ್ದೀವಿ" ಅಂದರು. ಅಕ್ಕನ ಕೈ ನನ್ನ ತೋಳಿನ ಮೇಲೆ ಸಡಿಲವಾಯಿತು. ಆದರೆ ಅವರು ಹೊರಡಲಿಲ್ಲ. "ಸೋಂಕು ರಕ್ತಕ್ಕೆ ಇಳಿದಿದೆ. ಬಿಪಿ ನಿಲ್ತಿಲ್ಲ. ಇನ್ನೂ ಏನೂ ಹೇಳೋ ಹಾಗಿಲ್ಲ."

ಅಲ್ಲಿಂದ ಮುಂದಿನ ದಿನಗಳು ಐಸಿಯುವಿನ ಗಾಜಿನ ಬಾಗಿಲಿನ ಮುಂದೆ ಕಳೆದವು. ಒಬ್ಬೊಬ್ಬರನ್ನೇ ಸ್ವಲ್ಪ ಹೊತ್ತು ಒಳಗೆ ಬಿಡುತ್ತಿದ್ದರು. ಭಾವ ಊದಿಹೋಗಿ ಗುರುತು ಸಿಗುತ್ತಿರಲಿಲ್ಲ. ಕತ್ತಿನಲ್ಲಿ ನಳಿಕೆ, ಅದರ ಎರಡೂ ಬದಿಯಲ್ಲಿ ಕೀವು ಇಳಿಯಲು ರಬ್ಬರಿನ ತುಂಡುಗಳು. ಉಸಿರನ್ನು ಯಂತ್ರ ಆಡಿಸುತ್ತಿತ್ತು. ಮೂರನೆಯ ದಿನವೋ ಏನೋ ಮತ್ತೆ ಜ್ವರ ಏರಿತು. ಸ್ಕ್ಯಾನ್ ಮಾಡಿದರು. ಕೀವು ಕತ್ತಿನಿಂದ ಎದೆಯ ಕಡೆಗೆ ಇಳಿಯುತ್ತಿದೆ, ಹೃದಯದ ಸುತ್ತ ಸೇರಿದರೆ ಕಷ್ಟ, ಇನ್ನೊಮ್ಮೆ ಕೊಯ್ಯಬೇಕು ಅಂದರು. ಅಕ್ಕ ತಲೆಯಾಡಿಸಿದಳು. ಅವಳಿಗೆ ಆಗ ಅಳುವೂ ಬರುತ್ತಿರಲಿಲ್ಲ. "ಬಾಯಲ್ಲಿದ್ದಿದ್ದು ಎದೆಗೆ ಹೋಗೋವರೆಗೂ ನಾವೇನು ಮಾಡ್ತಿದ್ವಿ ಕಣೋ" ಎಂದು ಒಂದೇ ಸಲ ಕೇಳಿದಳು.

ನಮ್ಮ ಪಕ್ಕದ ಕುರ್ಚಿಯಲ್ಲಿ ಒಬ್ಬಾಕೆ ಕೂರುತ್ತಿದ್ದಳು. ಗಂಡ ಬೇಕರಿಯಲ್ಲಿ ಬ್ರೆಡ್ ಸುಡುವವನು. ಅವನದೂ ಹಲ್ಲೇ. ಮೇಲಿನ ಹಲ್ಲಂತೆ. ಕೆನ್ನೆ ಊದಿ, ಅದು ಕಣ್ಣಿಗೆ ಏರಿ, ಕಣ್ಣು ಹೊರಕ್ಕೆ ಬಂದ ಮೇಲೆ ಆಸ್ಪತ್ರೆಗೆ ತಂದಿದ್ದರು. ಮಿದುಳಿನ ಹತ್ತಿರ ರಕ್ತ ಹೆಪ್ಪುಗಟ್ಟಿದೆ ಎಂದಿದ್ದರಂತೆ. ಆಕೆ ಅಕ್ಕನಿಗೆ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಡುತ್ತಿದ್ದಳು. "ನಿಮ್ಮವರಿಗೆ ಇವತ್ತು ಹೇಗಿದೆಯಂತೆ?" ಎಂದು ಇವಳು ಕೇಳುವುದು, "ನಿಮ್ಮವರಿಗೆ?" ಎಂದು ಅವಳು ಕೇಳುವುದು. ಒಂದು ಬೆಳಗ್ಗೆ ನಾವು ಬಂದಾಗ ಆ ಕುರ್ಚಿ ಖಾಲಿ ಇತ್ತು. ಫ್ಲಾಸ್ಕ್ ಮಾತ್ರ ಕುರ್ಚಿಯ ಕೆಳಗಿತ್ತು. ಆ ದಿನವೆಲ್ಲ ಅಕ್ಕ ಆ ಕುರ್ಚಿಯ ಕಡೆ ನೋಡದಂತೆ ತಿರುಗಿ ಕೂತಿದ್ದಳು.

ಎರಡನೆಯ ಆಪರೇಷನ್ ಆದ ಮೇಲೆ ಜ್ವರ ಇಳಿಯಿತು. ಮತ್ತೆ ಏರಲಿಲ್ಲ. ನಂಬುವುದಕ್ಕೆ ನಮಗೆ ಧೈರ್ಯ ಸಾಲಲಿಲ್ಲ. ಡಾಕ್ಟರಮ್ಮ ಮೊದಲ ಸಲ ನಮ್ಮ ಪಕ್ಕ ಕೂತು ಮಾತಾಡಿದ ದಿನ, ಇವರು ಕೆಟ್ಟ ಸುದ್ದಿ ಹೇಳಲು ಕೂತಿದ್ದಾರೆ ಎಂದೇ ನಾವು ಹೆದರಿದ್ದೆವು. ಯಂತ್ರ ತೆಗೆದಿದ್ದಾರೆ, ತಾವಾಗಿ ಉಸಿರಾಡುತ್ತಿದ್ದಾರೆ ಎಂದು ಹೇಳಲು ಕೂತಿದ್ದರು.

ನಾನು ಒಳಗೆ ಹೋದಾಗ ಭಾವನಿಗೆ ಪೂರ್ತಿ ಎಚ್ಚರವಿತ್ತು. ಕತ್ತಿನಲ್ಲಿ ನಳಿಕೆ ಇದ್ದುದರಿಂದ ದನಿ ಹೊರಡುತ್ತಿರಲಿಲ್ಲ. ನನ್ನನ್ನು ನೋಡಿ, ತೋರುಬೆರಳು ಮೇಲೆ ಮಾಡಿ ಸಣ್ಣಗೆ ಸುತ್ತಿಸಿದರು. ಸೈಟಿನಲ್ಲಿ ಅದು ಹೊರೆ ಎತ್ತು ಅನ್ನುವ ಸನ್ನೆ. ಒಂದು ಗಳಿಗೆ ಗಾಬರಿಯಾಯಿತು, ಜ್ವರದಲ್ಲಿ ಇನ್ನೂ ಕ್ರೇನಿನಲ್ಲೇ ಇದ್ದಾರಾ ಎಂದು. ಆಮೇಲೆ ತಿಳಿಯಿತು, ಹಾಸಿಗೆಯ ತಲೆಭಾಗ ಎತ್ತು ಅನ್ನುತ್ತಿದ್ದಾರೆ. ನರ್ಸಿಗೆ ಹೇಳಿದೆ. ಹಾಸಿಗೆ ಏರಿತು. ಸಾಕು ಎಂದು ಅಂಗೈ ಅಡ್ಡ ಹಿಡಿದರು. ಅಷ್ಟು ದಿನ ಬಾರದ ಅಳು ನನಗೆ ಅಲ್ಲಿ ಬಂತು.

ಮನೆಗೆ ಬಂದಾಗ ಅರ್ಧ ಮೈ ಇಳಿದಿದ್ದರು. ಮಗಳು ಬಾಗಿಲಲ್ಲಿ ನಿಂತು ಕತ್ತಿನ ಗಾಯಗಳನ್ನು ನೋಡಿ ಹತ್ತಿರ ಬರಲಿಲ್ಲ. ಎರಡು ದಿನ ದೂರದಿಂದಲೇ ಮಾತಾಡಿಸಿದಳು. ನಳಿಕೆಯ ತೂತು ಕೂಡಿಕೊಂಡಿತು, ದನಿ ಒಡಕಲಾಗಿ ಮರಳಿತು. ಬಾಯಿ ಪೂರ್ತಿ ತೆರೆಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕಾಯಿತು. ಕಂಪನಿಯವರು ಕೆಳಗೇ ಕೆಲಸ ಕೊಟ್ಟರು, ಹಗ್ಗ, ಕೊಕ್ಕೆ, ಸರಪಳಿ ಪರೀಕ್ಷೆ ಮಾಡುವುದು. ಕ್ರೇನಿನ ಮೇಲೆ ಈಗ ಬೇರೆ ಆಪರೇಟರ್ ಇದ್ದಾನೆ. ಭಾವ ಕೆಲವೊಮ್ಮೆ ಕತ್ತೆತ್ತಿ ನೋಡುತ್ತಾರೆ, ಮತ್ತೆ ಹತ್ತುವ ಮಾತು ಇನ್ನೂ ಆಡಿಲ್ಲ.

ಅವರ ಬಾಯಲ್ಲಿ ಇನ್ನೊಂದು ಹಲ್ಲು ಹುಳುಕಾಗಿತ್ತು, ಎಡಗಡೆ. ಆಸ್ಪತ್ರೆಯವರು ಅದನ್ನು ಬಿಡಬೇಡಿ ಎಂದು ಹೇಳಿ ಕಳಿಸಿದ್ದರು. ಹೋದ ತಿಂಗಳು ಡೆಂಟಲ್ ಕ್ಲಿನಿಕ್ಕಿಗೆ ಹೊರಟಾಗ ಅಕ್ಕ ನನ್ನನ್ನೂ ಜೊತೆಗೆ ಕರೆದಳು. ಹೊರಡುವ ಮುಂಚೆ ಭಾವ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡರು. ಕ್ಲಿನಿಕ್ಕಿನಲ್ಲಿ ಒಳಗಿನಿಂದ ಯಂತ್ರದ ಸದ್ದು ಬಂದಾಗ ಬೆಂಚಿನ ಅಂಚು ಹಿಡಿದು ಕೂತರು, ಎದ್ದು ಹೋಗಲಿಲ್ಲ. ಸರದಿ ಬಂತು. ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ಬಾಗಿಸಲು ಹೋದಾಗ, ಭಾವ, "ಮಲಗಿಸಬೇಡಿ ಸಾರ್" ಅಂದರು. ಹುಡುಗ ಡಾಕ್ಟರು, ಒಳ್ಳೆಯವನು. ಕತ್ತಿನ ಗುರುತುಗಳನ್ನು ನೋಡಿದ. ಕುರ್ಚಿ ನೆಟ್ಟಗೇ ಬಿಟ್ಟು, ತಾನೇ ನಿಂತು, ಬಗ್ಗಿ ಕೆಲಸ ಮಾಡಿದ. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

ಆಟೋದಲ್ಲಿ ವಾಪಸು ಬರುವಾಗ ಭಾವನ ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು. ಅಕ್ಕನ ಮುಖ ಬಿಳಿಚಿಕೊಂಡಿತು. "ರೀ" ಅಂದಳು, ಅಷ್ಟೇ.

"ಇಂಜೆಕ್ಷನ್ ಕಣೇ. ತುಟಿ ಮರಗಟ್ಟಿದೆ, ಗೊತ್ತಾಗ್ತಿಲ್ಲ" ಎಂದು ಅವರು ಸೊಟ್ಟ ಬಾಯಲ್ಲೇ ಹೇಳಿದರು.

ಅವಳು ಕರವಸ್ತ್ರದಲ್ಲಿ ಅವರ ಬಾಯಿ ಒರೆಸಿದಳು. ಆದರೂ ಕೈ ತೆಗೆಯಲಿಲ್ಲ. ಮನೆ ಬರುವವರೆಗೂ ಅವರ ಗದ್ದದ ಕೆಳಗೆ ಎರಡು ಬೆರಳು ಇಟ್ಟು, ಮೆತ್ತಗಿದೆಯಾ ಎಂದು ಒತ್ತಿ ಒತ್ತಿ ನೋಡುತ್ತಲೇ ಇದ್ದಳು.